ಸೊವಾತಾ, ಉಪ್ಪಿನ ಮೇಲೆ ಕೂತ ಊರು: ಪದೇ ಪದೇ ಕೇಳುವ ಪ್ರಶ್ನೆಗಳು

ರೊಮೇನಿಯಾದ ಸೊವಾತಾ ಬಗ್ಗೆ ಮಾತು ತೆಗೆದರೆ ಸಾಕು, "ಅಲ್ಲಿ ಬಿಸಿನೀರಿನ ಬುಗ್ಗೆ ಇದೆಯಂತಲ್ಲ?" ಎಂದು ಕೇಳುತ್ತಾರೆ. ಇಲ್ಲ, ಅಲ್ಲಿ ಬಿಸಿನೀರಿನ ಬುಗ್ಗೆ ಇಲ್ಲ. ಆದರೂ ಕೆರೆಯ ನೀರು ಬಿಸಿ. ಅದು ಹೇಗೆ ಎನ್ನುವುದನ್ನು ಬಿಡಿಸಿ ಹೇಳಬೇಕು ಅಂತಲೇ ಇದನ್ನು ಬರೆಯಲು ಕೂತೆ. ಜೊತೆಗೆ ಜನ ಕೇಳುವ ಬೇರೆ ಪ್ರಶ್ನೆಗಳೂ ಸೇರಿಕೊಂಡಿವೆ.

ಸೊವಾತಾ ಎಲ್ಲಿದೆ?

ರೊಮೇನಿಯಾದ ಟ್ರಾನ್ಸಿಲ್ವೇನಿಯಾ ಪ್ರಾಂತ್ಯದ ಪೂರ್ವ ಭಾಗದಲ್ಲಿ, ಮುರೆಶ್ ಜಿಲ್ಲೆಯಲ್ಲಿದೆ. ಟರ್ಗು ಮುರೆಶ್ ಎಂಬ ಜಿಲ್ಲಾ ಕೇಂದ್ರದಿಂದ ಸುಮಾರು 60 ಕಿ.ಮೀ. ಸಮುದ್ರ ಮಟ್ಟದಿಂದ ಹೆಚ್ಚುಕಡಿಮೆ 500 ಮೀಟರ್ ಎತ್ತರ. ಸುತ್ತಲೂ ಗುಡ್ಡ, ಗುಡ್ಡದ ತುಂಬ ಕಾಡು. ಊರಿನ ಜನಸಂಖ್ಯೆ ಹತ್ತು ಸಾವಿರದ ಆಸುಪಾಸು, ಅಷ್ಟೇ.

ಇಲ್ಲಿ ಹೆಚ್ಚಿನವರು ಹಂಗೇರಿಯನ್ ಮಾತಾಡುವ ಸೆಕೆಯ್ ಜನ. ಮೊದಲ ಮಹಾಯುದ್ಧ ಮುಗಿಯುವ ತನಕ ಈ ನಾಡು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದಲ್ಲಿತ್ತು. ಹಾಗಾಗಿ ಪ್ರತಿ ಜಾಗಕ್ಕೂ ಎರಡು ಹೆಸರು. ರೊಮೇನಿಯನ್ ಭಾಷೆಯಲ್ಲಿ ಪ್ರಾಯ್ದ್ ಎನ್ನುವ ಪಕ್ಕದ ಊರು ಹಂಗೇರಿಯನ್‌ನಲ್ಲಿ ಪರಾಯ್ದ್. ಊರಿನ ದೊಡ್ಡ ಕೆರೆ ಒಬ್ಬರ ಬಾಯಲ್ಲಿ ಉರ್ಸು, ಇನ್ನೊಬ್ಬರ ಬಾಯಲ್ಲಿ ಮೆದ್ವೆ. ಎರಡಕ್ಕೂ ಅರ್ಥ ಕರಡಿ. ಮೇಲಿನಿಂದ ನೋಡಿದರೆ ಕೆರೆ ಹಾಸಿಟ್ಟ ಕರಡಿ ಚರ್ಮದ ಹಾಗೆ ಕಾಣುತ್ತದೆ, ಅದಕ್ಕೇ ಆ ಹೆಸರು. ನಾನು ಇಲ್ಲಿ ಕರಡಿ ಕೆರೆ ಎಂದೇ ಕರೆಯುತ್ತೇನೆ.

ಸಮುದ್ರ ಅಷ್ಟು ದೂರ ಇರುವಾಗ ಇಲ್ಲಿ ಉಪ್ಪು ಎಲ್ಲಿಂದ ಬಂತು?

ಸುಮಾರು 1 ಕೋಟಿ 30 ಲಕ್ಷ ವರ್ಷಗಳ ಹಿಂದೆ ಟ್ರಾನ್ಸಿಲ್ವೇನಿಯಾದ ಬಯಲೆಲ್ಲ ಸಮುದ್ರವಾಗಿತ್ತು. ಆ ನೀರು ಆವಿಯಾಗಿ ಉಪ್ಪು ತಳದಲ್ಲಿ ದಪ್ಪಗೆ ಕೂತಿತು. ಅದರ ಮೇಲೆ ಮಣ್ಣು, ಕಲ್ಲು ಪದರ ಪದರವಾಗಿ ಬಿದ್ದವು.

ಉಪ್ಪಿಗೆ ಒಂದು ವಿಚಿತ್ರ ಗುಣ ಇದೆ. ಮೇಲಿನಿಂದ ಭಾರ ಬಿದ್ದಾಗ ಅದು ಬಂಡೆಯ ಹಾಗೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಕಣಕದ ಹಾಗೆ ನಿಧಾನವಾಗಿ ಸರಿಯುತ್ತದೆ. ಸುತ್ತಲಿನ ಕಲ್ಲಿಗಿಂತ ಹಗುರ ಬೇರೆ. ಹಾಗಾಗಿ ಎಲ್ಲಿ ಸಂದು ಸಿಕ್ಕಿತೋ ಅಲ್ಲಿಂದ ಮೇಲಕ್ಕೆ ಉಬ್ಬಿಕೊಂಡು ಬಂದಿದೆ. ಪ್ರಾಯ್ದ್ ಊರಿನ ಕೆಳಗೆ ಹೀಗೆ ಎದ್ದ ಉಪ್ಪಿನ ಕಂಬ ಎರಡೂವರೆ ಕಿ.ಮೀ.ಗೂ ಜಾಸ್ತಿ ಆಳದ್ದು. ಸೊವಾತಾದಲ್ಲಂತೂ ಉಪ್ಪು ನೆಲದ ಮೇಲೇ ಬಂದು ನಿಂತಿದೆ. ಕೆರೆಗಳ ಹತ್ತಿರ ಕಾಲುದಾರಿಯಲ್ಲಿ ನಡೆದರೆ ಬೂದು-ಬಿಳಿ ಬಣ್ಣದ ಉಪ್ಪಿನ ಗೋಡೆಗಳು ಕಾಣುತ್ತವೆ. ಮಳೆ ಬಿದ್ದು ಬಿದ್ದು ಅವುಗಳ ಮೈ ಮೇಲೆ ಚೂಪಾದ ಏಣುಗಳು, ಗೀರುಗಳು ಎದ್ದಿವೆ.

ನಮಗೆ ಉಪ್ಪು ಅಂದರೆ ಸಾಣಿಕಟ್ಟಾದಂಥ ಆಗರ, ಬಿಸಿಲಿಗೆ ಒಣಗಿದ ಸಮುದ್ರದ ನೀರು. ಇಲ್ಲಿನದೂ ಬಿಸಿಲಿಗೆ ಒಣಗಿದ ಸಮುದ್ರವೇ. ಒಣಗಿ ಕೋಟಿ ವರ್ಷ ಕಳೆದಿದೆ, ಅಷ್ಟೇ.

ಕರಡಿ ಕೆರೆ ಹುಟ್ಟಿದ್ದು ಹೇಗೆ?

ಇದು ತೀರಾ ಹೊಸ ಕೆರೆ. 1875ರ ಮೇ ತಿಂಗಳವರೆಗೆ ಅಲ್ಲಿ ಕೆರೆಯೇ ಇರಲಿಲ್ಲ. ಮಳೆ ನೀರು, ಹಳ್ಳದ ನೀರು ನೆಲದೊಳಗೆ ಇಳಿದು ಅಡಿಯ ಉಪ್ಪನ್ನು ಕರಗಿಸುತ್ತಾ ಬಂದಿತ್ತು. ಅಡಿಯಲ್ಲಿ ಟೊಳ್ಳಾದ ನೆಲ ಒಂದು ದಿನ ಕುಸಿಯಿತು. ಮೇ 27, ಬೆಳಗ್ಗೆ ಹನ್ನೊಂದು ಗಂಟೆ ಎಂದು ಊರಿನವರು ಗಂಟೆ ಸಮೇತ ಹೇಳುತ್ತಾರೆ. ಆ ಗುಂಡಿಗೆ ಹಳ್ಳಗಳ ನೀರು ಹರಿದು ಬಂತು. ತುಂಬಲು ಕೆಲವು ವರ್ಷ ಹಿಡಿಯಿತು.

ಈಗ ಕೆರೆಯ ಹರವು ಸುಮಾರು 4 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಹತ್ತು ಎಕರೆ. ಅತಿ ಆಳದ ಕಡೆ ಸುಮಾರು 18 ಮೀಟರ್. ತಳ, ಬದಿ ಎಲ್ಲ ಉಪ್ಪು. ಆದರೆ ಎರಡು ಸಣ್ಣ ಹಳ್ಳಗಳು ಅದಕ್ಕೆ ಈಗಲೂ ಸಿಹಿನೀರು ತಂದು ಸುರಿಯುತ್ತವೆ. ಈ ಸಿಹಿನೀರಿನ ವಿಷಯ ನೆನಪಿಟ್ಟುಕೊಳ್ಳಿ. ಮುಂದಿನ ಉತ್ತರವೆಲ್ಲ ಅದರ ಮೇಲೇ ನಿಂತಿದೆ.

ಬುಗ್ಗೆ ಇಲ್ಲದಿದ್ದರೆ ನೀರು ಬಿಸಿಯಾಗುವುದು ಹೇಗೆ?

ಬಿಸಿಲಿನಿಂದ. ಬರೀ ಬಿಸಿಲಿನಿಂದ.

ಹಾಗಾದರೆ ಎಲ್ಲ ಕೆರೆಗಳೂ ಬಿಸಿಯಾಗಬೇಕಿತ್ತು ಅಲ್ವಾ? ಆಗುವುದಿಲ್ಲ, ಯಾಕೆಂದರೆ ಬಿಸಿಯಾದ ನೀರು ಹಗುರಾಗಿ ಮೇಲೆ ಬರುತ್ತದೆ. ಒಲೆಯ ಮೇಲಿನ ಪಾತ್ರೆಯಲ್ಲಿ ನೋಡಿದ್ದೀರಲ್ಲ, ಹಾಗೆ. ಮೇಲೆ ಬಂದ ನೀರು ತನ್ನ ಬಿಸಿಯನ್ನು ಗಾಳಿಗೆ ಕೊಟ್ಟು ತಣ್ಣಗಾಗಿ ಮತ್ತೆ ಕೆಳಗಿಳಿಯುತ್ತದೆ. ಹೀಗೆ ಹಗಲು ಗಳಿಸಿದ್ದೆಲ್ಲ ರಾತ್ರಿ ಕಳೆದುಹೋಗುತ್ತದೆ.

ಕರಡಿ ಕೆರೆಯಲ್ಲಿ ಕೆಳಗಿನದು ಗಾಢ ಉಪ್ಪುನೀರು. ಮೇಲೆ ಹಳ್ಳಗಳು ತಂದ ತೆಳುವಾದ ಸಿಹಿನೀರಿನ ಪದರ. ಬಿಸಿಲು ಮೇಲಿನ ಪದರವನ್ನು ದಾಟಿ ಕೆಳಗಿಳಿದು ಉಪ್ಪುನೀರನ್ನು ಕಾಯಿಸುತ್ತದೆ. ಕಾದ ಉಪ್ಪುನೀರು ಮೇಲೆ ಬರಬೇಕು, ಆದರೆ ಬರಲಾಗುವುದಿಲ್ಲ. ಕಾದರೂ ಅದು ಮೇಲಿನ ತಣ್ಣನೆಯ ಸಿಹಿನೀರಿಗಿಂತ ಭಾರವೇ. ಮೇಲೆ ಏಳಲಾಗದ ಬಿಸಿ ಅಲ್ಲೇ ಕೂತು ದಿನದಿಂದ ದಿನಕ್ಕೆ ಏರುತ್ತದೆ.

ಕೆನೆ ಕಟ್ಟಿದ ಹಾಲು ನೆನಪು ಮಾಡಿಕೊಳ್ಳಿ. ಮೇಲೆ ಹಬೆಯೇ ಕಾಣುವುದಿಲ್ಲ, ಆರಿರಬೇಕು ಅಂತ ಒಂದು ಗುಟುಕು ಕುಡಿದರೆ ನಾಲಿಗೆ ಸುಡುತ್ತದೆ. ಇಲ್ಲಿ ಸಿಹಿನೀರು ಆ ಕೆನೆಯ ಕೆಲಸ ಮಾಡುತ್ತದೆ.

ಈ ಗುಟ್ಟನ್ನು ಬಿಡಿಸಿದವರು ಶಾಂಡೊರ್ ಕಲೆಚಿನ್ಸ್ಕಿ ಎಂಬ ಹಂಗೇರಿಯ ರಸಾಯನ ವಿಜ್ಞಾನಿ. 1900ರ ಆಸುಪಾಸಿನಲ್ಲಿ ಅವರು ಕೆರೆಯ ಬೇರೆ ಬೇರೆ ಆಳದಲ್ಲಿ ಉಷ್ಣತೆ ಅಳೆದರು. ಬೇಸಿಗೆ ಮುಗಿಯುವ ಹೊತ್ತಿಗೆ 1.32 ಮೀಟರ್ ಆಳದಲ್ಲಿ 70 ಡಿಗ್ರಿ ಸೆಲ್ಸಿಯಸ್ ಸಿಕ್ಕಿತು! ಚಳಿಗಾಲ ಕಳೆದು ವಸಂತ ಶುರುವಾಗುವಾಗಲೂ 26 ಡಿಗ್ರಿಗಿಂತ ಕೆಳಗೆ ಇಳಿದಿರಲಿಲ್ಲ. ಅಲ್ಲಿನ ಚಳಿಗಾಲದಲ್ಲಿ ಹಿಮ ಬೀಳುತ್ತದೆ ಎನ್ನುವುದನ್ನು ಮರೆಯಬೇಡಿ. ಇನ್ನೂ ಆಳಕ್ಕೆ ಹೋದರೆ ಮತ್ತೆ ತಣ್ಣಗಾಗುತ್ತದೆ. ನೆಲದಡಿಯಿಂದ ಬಿಸಿ ಬರುತ್ತಿದ್ದರೆ ತಳವೇ ಹೆಚ್ಚು ಬಿಸಿ ಇರಬೇಕಿತ್ತು. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ಮನೆಯಲ್ಲೇ ಪದರವನ್ನು ನೋಡಬೇಕು ಅಂದರೆ ಹೀಗೆ ಮಾಡಿ. ಗಾಜಿನ ಲೋಟದಲ್ಲಿ ಅರ್ಧದವರೆಗೆ ನೀರು ಹಾಕಿ, ಕರಗುವಷ್ಟು ಉಪ್ಪು ಕರಗಿಸಿ. ಇನ್ನೊಂದು ಲೋಟದ ಸಿಹಿನೀರಿಗೆ ಒಂದು ಚಿಟಿಕೆ ಕುಂಕುಮ ಕಲಸಿ. ಅದನ್ನು ಚಮಚದ ಬೆನ್ನ ಮೇಲೆ ನಿಧಾನವಾಗಿ ಇಳಿಬಿಡಿ. ಬಣ್ಣದ ನೀರು ಮೇಲೆಯೇ ನಿಲ್ಲುತ್ತದೆ. ಈಗ ಚಮಚ ಹಾಕಿ ಕಲಕಿ. ಎಲ್ಲ ಒಂದಾಯಿತು. ಇನ್ನು ಎಷ್ಟು ಹೊತ್ತು ಕಾದರೂ ಅದು ಮತ್ತೆ ಬೇರೆಯಾಗುವುದಿಲ್ಲ.

ಮಧ್ಯಾಹ್ನ ಕೆರೆಗೆ ಇಳಿಯಲು ಬಿಡುವುದಿಲ್ಲ ಯಾಕೆ? ಬಿಸಿಲಿರುವ ಹೊತ್ತಲ್ಲವೇ ಅದು?

ಬಿಸಿಲಿರುವ ಹೊತ್ತು, ಅದಕ್ಕೇ. ಸ್ನಾನಕ್ಕೆ ಇಳಿದವರು ಆ ಚಮಚದ ಹಾಗೆ. ಕೈಕಾಲು ಆಡಿಸಿದರೆ ಪದರ ಕಲಕಿಹೋಗುತ್ತದೆ. ಹಾಗಾಗಿ ಮಧ್ಯಾಹ್ನ ಒಂದೆರಡು ಗಂಟೆ ಎಲ್ಲರನ್ನೂ ಹೊರಗೆ ಕಳಿಸಿ ಕೆರೆಗೆ ವಿಶ್ರಾಂತಿ ಕೊಡುವ ರೂಢಿ ಇದೆ. ಆ ಹೊತ್ತಲ್ಲಿ ಸಿಹಿನೀರು ಮೇಲೆ ಹರಡಿಕೊಳ್ಳುತ್ತದೆ, ನೆತ್ತಿಯ ಬಿಸಿಲು ಕೆಳಗಿನ ನೀರನ್ನು ಕಾಯಿಸುತ್ತದೆ.

ಕಲೆಚಿನ್ಸ್ಕಿ ಅಳೆದ ಎಪ್ಪತ್ತು ಡಿಗ್ರಿಯನ್ನು ಇವತ್ತು ಹುಡುಕಬೇಡಿ. ನೂರಾರು ಜನ ದಿನವೂ ಇಳಿಯುವ ಕೆರೆ ಅಷ್ಟು ಕಾಯುವುದಿಲ್ಲ. ಸೊಂಟದ ಹತ್ತಿರ ಹಿತವಾದ ಬಿಸಿ, ಮೇಲೆ ತಂಪು, ಪಾದಕ್ಕೆ ಮತ್ತೆ ತಂಪು. ಹೀಗಿರುತ್ತದೆ. ದಯವಿಟ್ಟು ಈಜಿನ ಪಂದ್ಯ ಆಡಬೇಡಿ, ನೀರು ಬಡಿಯಬೇಡಿ, ಹಾರಬೇಡಿ. ಸುಮ್ನೆ ತೇಲಿ. ಇದು ಬರೀ ಶಿಸ್ತಿನ ಮಾತು ಅಂದುಕೊಳ್ಳಬೇಡಿ. ಕೆರೆಯ ಬಿಸಿ ನಿಂತಿರುವುದೇ ಆ ತೆಳು ಪದರದ ಮೇಲೆ.

ಇದಕ್ಕೂ ನಮ್ಮ ದೇಶಕ್ಕೂ ಏನಾದರೂ ನಂಟು ಇದೆಯಾ?

ಇದೆ, ನನಗೆ ತುಂಬ ಖುಷಿ ಕೊಡುವ ನಂಟು. ಇಂಥ ಕೆರೆಯನ್ನು ನಾವೇ ಕಟ್ಟಿ ಬಿಸಿಲಿನ ಶಾಖವನ್ನು ಹಿಡಿದಿಡಬಹುದು ಎಂದು ಕಲೆಚಿನ್ಸ್ಕಿ ಆಗಲೇ ಹೇಳಿದ್ದರು. ಅದನ್ನು ಸೋಲಾರ್ ಪಾಂಡ್, ಅಂದರೆ ಸೌರ ಕೊಳ ಎನ್ನುತ್ತಾರೆ. ಅರ್ಧ ಶತಮಾನದ ನಂತರ ಇಸ್ರೇಲಿನವರು ಅದನ್ನು ಕೈಗೆತ್ತಿಕೊಂಡರು. 1984ರಲ್ಲಿ ಮೃತ ಸಮುದ್ರದ ಹತ್ತಿರ 5 ಮೆಗಾವಾಟ್ ವಿದ್ಯುತ್ ಕೊಡುವ ಕೊಳ ಶುರುವಾಯಿತು.

ಅದೇ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 240 ಚದರ ಮೀಟರ್‌ನ ಸೌರ ಕೊಳ ಕಟ್ಟಿ ಅಧ್ಯಯನ ಮಾಡಿದರು. ಕೆಳಗೆ ಗಾಢ ಉಪ್ಪುನೀರು, ಮೇಲೆ ಸಿಹಿನೀರು, ಕರಡಿ ಕೆರೆಯದೇ ಲೆಕ್ಕ. ಗುಜರಾತಿನ ಭುಜ್‌ನಲ್ಲಿ 6,000 ಚದರ ಮೀಟರ್‌ನ ಕೊಳ ಕಟ್ಟಿ ಅಲ್ಲಿನ ಡೈರಿಗೆ ಬಿಸಿನೀರು ಕೊಟ್ಟರು. ಟ್ರಾನ್ಸಿಲ್ವೇನಿಯಾದ ಒಂದು ಕುಸಿದ ಗುಂಡಿಯಿಂದ ಕಲಿತ ಪಾಠ ಕಚ್ಛ್‌ನಲ್ಲಿ ಹಾಲಿನ ಡೈರಿಗೆ ಉಪಯೋಗಕ್ಕೆ ಬಂತು.

ಈಜು ಬರದವರು ಇಳಿಯಬಹುದಾ?

ಮುಳುಗುವುದು ಕಷ್ಟ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಕರಡಿ ಕೆರೆಯ ಕೆಳಪದರದಲ್ಲಿ 250 ಗ್ರಾಂ ದಾಟುತ್ತದೆ. ಮಲಗಿದರೆ ಮೈ ತಾನೇ ತೇಲುತ್ತದೆ. ಆದರೆ "ಮುಳುಗುವುದಿಲ್ಲ" ಅಂದರೆ "ಅಪಾಯ ಇಲ್ಲ" ಅಂತ ಅಲ್ಲ. ಕಾಲು ಮೇಲೆದ್ದು ಬೋರಲು ಬಿದ್ದರೆ ಮತ್ತೆ ನೆಟ್ಟಗಾಗಲು ಅಭ್ಯಾಸವಿಲ್ಲದವರು ಒದ್ದಾಡುತ್ತಾರೆ. ಆಗ ಆ ನೀರು ಮೂಗಿಗೆ, ಬಾಯಿಗೆ ಹೋಗುತ್ತದೆ. ಮಕ್ಕಳನ್ನು ಒಂದು ಕ್ಷಣವೂ ಬಿಟ್ಟಿರಬೇಡಿ.

ಮತ್ತೆ ಕೆಲವು ಸಣ್ಣ ಮಾತು. ಆ ದಿನ ಬೆಳಗ್ಗೆ ಶೇವ್ ಮಾಡಬೇಡಿ, ಉರಿ ತಡೆಯಲಾಗುವುದಿಲ್ಲ. ಗಾಯ ಇದ್ದರೆ ಇಳಿಯಬೇಡಿ. ಒದ್ದೆ ಕೈಯಲ್ಲಿ ಕಣ್ಣು ಉಜ್ಜಬೇಡಿ. ಹದಿನೈದು ಇಪ್ಪತ್ತು ನಿಮಿಷ ಸಾಕು, ಆಮೇಲೆ ಸಿಹಿನೀರಿನಲ್ಲಿ ಮೈ ತೊಳೆದುಕೊಂಡು ನೀರು ಕುಡಿಯಿರಿ. ಬಿಪಿ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಮೊದಲು ಡಾಕ್ಟರನ್ನು ಕೇಳಲೇಬೇಕು.

ಇಲ್ಲಿ ಮಿಂದರೆ ಮಕ್ಕಳಾಗುತ್ತವೆ ಎನ್ನುತ್ತಾರಲ್ಲ, ನಿಜವೇ?

ಸೊವಾತಾದ ಹೆಸರು ಹಬ್ಬಿದ್ದೇ ಹೆಂಗಸರ ಆರೋಗ್ಯದ ಚಿಕಿತ್ಸೆಯಿಂದ. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಮಕ್ಕಳಾಗದವರು, ಗರ್ಭಕೋಶದ ತೊಂದರೆ ಇರುವವರು, ಸಂಧಿನೋವಿನವರು ಇಲ್ಲಿಗೆ ಬರುತ್ತಿದ್ದಾರೆ. ಬಿಸಿ ಉಪ್ಪುನೀರಿನ ತೊಟ್ಟಿಸ್ನಾನ, ಕೆರೆ ತಳದ ಕಪ್ಪು ಕೆಸರಿನ ಲೇಪ, ಎರಡೂ ಡಾಕ್ಟರ ಮೇಲ್ವಿಚಾರಣೆಯಲ್ಲಿ ನಡೆಯುತ್ತವೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಬಿಸಿ ಉಪ್ಪುನೀರು, ಬಿಸಿ ಕೆಸರು ಕೀಲುನೋವಿಗೆ ಆರಾಮ ಕೊಡುತ್ತವೆ. ಕಾಡಿನ ನಡುವೆ ಎರಡು ವಾರ ನೆಮ್ಮದಿಯಾಗಿ ಇದ್ದರೆ ಮನಸ್ಸು ಹಗುರಾಗುತ್ತದೆ. ಆದರೆ ಮಕ್ಕಳಾಗದಿರಲು ಹತ್ತಾರು ಕಾರಣ ಇರುತ್ತವೆ, ಅರ್ಧದಷ್ಟು ಸಲ ಗಂಡಸಿನ ಕಡೆಯಿಂದಲೂ ಕಾರಣ ಇರುತ್ತದೆ. ಕೆರೆಯನ್ನು ನಂಬಿ ನಮ್ಮೂರಿನ ಡಾಕ್ಟರ ಚಿಕಿತ್ಸೆ ನಿಲ್ಲಿಸಿ ಹೋಗಬೇಡಿ. ಈಗಾಗಲೇ ನೊಂದ ಹೆಂಗಸಿಗೆ "ಅಲ್ಲಿಗೆ ಹೋಗಿ ಬಾ, ಆಗುತ್ತೆ" ಎಂದು ಹೇಳಿ ಇನ್ನೊಂದು ಆಸೆ ಹುಟ್ಟಿಸುವ ಮುಂಚೆ ಸ್ವಲ್ಪ ಯೋಚಿಸಿ.

ಊರಲ್ಲಿ ಇರುವುದು ಒಂದೇ ಕೆರೆಯಾ?

ಅಲ್ಲ. ಅಲೂನಿಶ್ ಅಂದರೆ ಹೇಜಲ್ ಕೆರೆ, ಕಪ್ಪು ಕೆರೆ, ಹಸಿರು ಕೆರೆ, ಕೆಂಪು ಕೆರೆ, ಹಾವಿನ ಕೆರೆ ಹೀಗೆ ಹಲವು ಇವೆ. ಕೆಲವು ಸಣ್ಣ ಹೊಂಡಗಳಷ್ಟೇ. ಕರಡಿ ಕೆರೆ, ಸುತ್ತಲಿನ ಕಾಡು, ಉಪ್ಪಿನ ಗೋಡೆಗಳು ಎಲ್ಲ ಸಂರಕ್ಷಿತ ಪ್ರದೇಶ. ಉಪ್ಪು ನೆಲದಲ್ಲಿ ಮಾತ್ರ ಬೆಳೆಯುವ ಗಿಡಗಳೂ ಅಲ್ಲಿವೆ. ಕೆರೆಗಳ ಸುತ್ತ ಒಂದು ಸುತ್ತು ನಡೆಯಿರಿ, ಸ್ನಾನಕ್ಕಿಂತ ನನಗೆ ಅದೇ ಹೆಚ್ಚು ಇಷ್ಟ.

ಗಣಿಗಾರಿಕೆ ಯಾವಾಗಿನಿಂದ ಇದೆ? ಆ ಉಪ್ಪು ಯಾರದಾಗಿತ್ತು?

ರೋಮನ್ನರ ಕಾಲದಿಂದ. ಪಕ್ಕದ ಸರಾತ್ಸೇನಿಯಲ್ಲಿ ರೋಮನ್ ಕೋಟೆ ಇತ್ತು. ಅಂಥ ದೂರದ ಗಡಿಯಲ್ಲಿ ಸೈನ್ಯ ಇಡಲು ಉಪ್ಪೂ ಒಂದು ದೊಡ್ಡ ಕಾರಣ. ಈ ಸೀಮೆಗೆ ಇವತ್ತಿಗೂ ಉಪ್ಪಿನ ನಾಡು ಎಂದೇ ಹೆಸರು.

ಮಧ್ಯಯುಗದಲ್ಲಿ ಗಡಿ ಕಾಯುತ್ತಿದ್ದ ಸೆಕೆಯ್ ಜನಕ್ಕೆ ತಮ್ಮ ನೆಲದ ಉಪ್ಪನ್ನು ತಾವೇ ತೆಗೆದುಕೊಳ್ಳುವ ಹಕ್ಕಿತ್ತು. 1562ರಲ್ಲಿ ಅವರು ದಂಗೆ ಎದ್ದರು, ಸೋತರು. ದೊರೆ ಯಾನೋಶ್ ಜಿಗ್ಮೊಂಡ್ ಉಪ್ಪಿನ ಗಣಿಗಳನ್ನು ಖಜಾನೆಗೆ ಸೇರಿಸಿಕೊಂಡ. ಆಮೇಲೆ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಅರಸರ ಕಾಲದಲ್ಲಿ ಕಾವಲುಗಾರರನ್ನು ಇಟ್ಟರು. ಮನೆ ಹಿತ್ತಲಲ್ಲೇ ಉಪ್ಪಿನ ಗುಡ್ಡ, ಮುಟ್ಟಿದರೆ ಶಿಕ್ಷೆ.

ಪ್ರಾಯ್ದ್‌ನಲ್ಲಿ ನೆಲದೊಳಗಿನ ಗಣಿ ಶುರುವಾದದ್ದು 1762ರಲ್ಲಿ. ಮೊದಲ ಗಣಿಗಳ ಒಳಗೆ ಗಂಟೆಯ ಆಕಾರ. ಮೇಲೆ ಸಣ್ಣ ಬಾಯಿ, ಕೆಳಗೆ ಅಗಲ ಹೊಟ್ಟೆ.

ಪ್ರಾಯ್ದ್ ಉಪ್ಪಿನ ಗಣಿ ನೋಡಬಹುದಾ? 2025ರಲ್ಲಿ ಏನಾಯಿತು?

ಸೊವಾತಾಕ್ಕೆ ಬಂದವರೆಲ್ಲ ಏಳು ಕಿ.ಮೀ. ದೂರದ ಪ್ರಾಯ್ದ್ ಗಣಿಗೂ ಹೋಗುತ್ತಿದ್ದರು. ಬಸ್ಸು ಸುರಂಗದೊಳಗೆ ಕರೆದುಕೊಂಡು ಹೋಗುತ್ತಿತ್ತು. ನೆಲದಿಂದ 120 ಮೀಟರ್ ಆಳದಲ್ಲಿ, ಉಪ್ಪಿನಲ್ಲೇ ಕಡೆದ ದೊಡ್ಡ ದೊಡ್ಡ ಹಜಾರಗಳು. ಉಬ್ಬಸ, ಕೆಮ್ಮು ಇರುವ ಮಕ್ಕಳನ್ನು ಕರೆತಂದು ದಿನಾ ಕೆಲವು ಗಂಟೆ ಆ ಗಾಳಿಯಲ್ಲಿ ಇರಿಸುತ್ತಿದ್ದರು. ಆಟದ ಜಾಗ, ಪ್ರಾರ್ಥನೆಯ ಜಾಗ ಎಲ್ಲ ಒಳಗೇ ಇತ್ತು.

2025ರ ಮೇ ಕೊನೆಯಲ್ಲಿ ಅದು ನೀರುಪಾಲಾಯಿತು. ಗಣಿಯ ಮೇಲೆ ಕೊರುಂಡ್ ಎಂಬ ಹಳ್ಳ ಹರಿಯುತ್ತದೆ. ಅದರ ನೀರು ಗಣಿಯೊಳಗೆ ಜಿನುಗುತ್ತಿದ್ದುದು ಹೊಸದೇನಲ್ಲ. ಆ ವಾರ ಜೋರು ಮಳೆ ಬಂತು. ಹಳ್ಳದ ತಳ ಒಡೆದು ನೀರು ನೇರವಾಗಿ ಗಣಿಗೆ ನುಗ್ಗಿತು. ಸಿಹಿನೀರು ಉಪ್ಪಿನ ಗೋಡೆಗಳನ್ನೂ ಕಂಬಗಳನ್ನೂ ಕರಗಿಸತೊಡಗಿದರೆ ಅದನ್ನು ತಡೆಯುವುದು ಬಹಳ ಕಷ್ಟ. ಮೇಲಿನ ಕೆಲವು ಮನೆಗಳನ್ನು ಖಾಲಿ ಮಾಡಿಸಿದರು. ಹೊರಬಂದ ಉಪ್ಪು ಟರ್ನಾವಾ ಮಿಕಾ ನದಿಗೆ ಸೇರಿ ಕೆಳಗಿನ ಊರುಗಳ ಕುಡಿಯುವ ನೀರು ಕೆಟ್ಟಿತು.

ತಿಂಗಳು ಗಮನಿಸಿ. 1875ರ ಮೇ ಕೊನೆಯಲ್ಲಿ ಸಿಹಿನೀರು ಉಪ್ಪಿಗೆ ಇಳಿದು ಸೊವಾತಾಕ್ಕೆ ಕರಡಿ ಕೆರೆ ಕೊಟ್ಟಿತು. ಸರಿಯಾಗಿ 150 ವರ್ಷದ ನಂತರ ಅದೇ ಸಿಹಿನೀರು ಪಕ್ಕದ ಊರಿನ ಗಣಿಯನ್ನು ಕಿತ್ತುಕೊಂಡಿತು. ಎರಡೂ ಒಂದೇ ಕ್ರಿಯೆ. ಒಂದು ಕಡೆ ಊರಿಗೆ ಅನ್ನ ಹುಟ್ಟಿತು, ಇನ್ನೊಂದು ಕಡೆ ಹೋಯಿತು. ಪ್ರಾಯ್ದ್‌ನ ಜನಕ್ಕೆ ಗಣಿ ಬರೀ ನೋಡುವ ಜಾಗ ಆಗಿರಲಿಲ್ಲ. ಅಪ್ಪ, ಅಜ್ಜ ಎಲ್ಲ ದುಡಿದ ಜಾಗ. ಸುತ್ತಲಿನ ಬಾಡಿಗೆ ಕೋಣೆ, ಹೋಟೆಲು, ಅಂಗಡಿ ಎಲ್ಲ ಅದನ್ನೇ ನಂಬಿದ್ದವು. ಇದನ್ನು ಬರೆಯುವಾಗಲೂ ಬೇಸರವಾಗುತ್ತದೆ. ನೀವು ಆ ಕಡೆ ಹೋದರೆ ಪ್ರಾಯ್ದ್‌ನಲ್ಲಿ ಒಂದು ರಾತ್ರಿ ಉಳಿಯಿರಿ, ಅಲ್ಲಿನ ಅಂಗಡಿಯಲ್ಲಿ ಏನಾದರೂ ಕೊಳ್ಳಿ. ಗಣಿಯ ಒಳಗೆ ಹೋಗಬಹುದು ಎಂದು ಲೆಕ್ಕ ಹಾಕಿ ಪ್ರವಾಸ ಗೊತ್ತು ಮಾಡಬೇಡಿ.

ವೀಸಾ, ಪ್ರಯಾಣ?

ರೊಮೇನಿಯಾ ಈಗ ಷೆಂಗೆನ್ ಒಕ್ಕೂಟದಲ್ಲಿದೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು), 2025ರ ಜನವರಿಯಿಂದ ಪೂರ್ತಿಯಾಗಿ. ಭಾರತೀಯರಿಗೆ ಷೆಂಗೆನ್ ವೀಸಾ ಬೇಕು. ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ಕೊಲ್ಲಿ ದೇಶಗಳ ಮೂಲಕವೋ ಇಸ್ತಾಂಬುಲ್ ಮೂಲಕವೋ ಬುಕಾರೆಸ್ಟ್‌ಗೆ ಹೋಗಿ, ಅಲ್ಲಿಂದ ರಸ್ತೆಯಲ್ಲಿ ಅರ್ಧ ದಿನ. ಟ್ರಾನ್ಸಿಲ್ವೇನಿಯಾದ ಕ್ಲುಜ್ ನಗರದ ಕಡೆಯಿಂದ ಬಂದರೆ ದಾರಿ ಕಡಿಮೆ. ಹಣ ಲೇಯು, ಯೂರೋ ಅಲ್ಲ.

ಯಾವ ತಿಂಗಳು ಒಳ್ಳೆಯದು?

ಕೆರೆಗೆ ಇಳಿಯಬೇಕಾದರೆ ಜೂನ್‌ನಿಂದ ಸೆಪ್ಟೆಂಬರ್. ಜುಲೈ, ಆಗಸ್ಟ್‌ನಲ್ಲಿ ಜನ ಜಾತ್ರೆ. ಬೇಸಿಗೆಯೆಲ್ಲ ಸೇರಿಸಿಟ್ಟ ಬಿಸಿ ಕೊನೆಯಲ್ಲೇ ಹೆಚ್ಚು, ಹಾಗಾಗಿ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಮೊದಲ ವಾರಕ್ಕೆ ನನ್ನ ಓಟು.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದಾ?

ಮಾಂಸ ಜಾಸ್ತಿ ತಿನ್ನುವ ನಾಡು, ಆದರೂ ಹಸಿವಿನಿಂದ ಇರಬೇಕಾಗಿಲ್ಲ. ಮಮಲೀಗ ಅಂತ ಕೇಳಿ. ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಅದು, ಬಣ್ಣ ಹಳದಿ, ಜೊತೆಗೆ ಚೀಸ್, ಹುಳಿ ಕೆನೆ. ರಾಗಿ ಮುದ್ದೆ ಉಂಡವರಿಗೆ ಬಾಯಿಗೆ ಹೊಸದೆನಿಸುವುದಿಲ್ಲ. ಸಿಹಿಗೆ ಕುರ್ತೋಶ್‌ಕಾಲಾಚ್ ಇದೆ. ಹಿಟ್ಟನ್ನು ಮರದ ಕೊರಡಿಗೆ ಸುತ್ತಿ ಕೆಂಡದ ಮೇಲೆ ತಿರುಗಿಸಿ, ಸಕ್ಕರೆ ಕಂದು ಬಣ್ಣಕ್ಕೆ ಬರುವ ತನಕ ಸುಡುತ್ತಾರೆ. ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕಿರುತ್ತಾರೆ, ಮೊಟ್ಟೆ ತಿನ್ನದವರು ಮೊದಲೇ ಕೇಳಿಕೊಳ್ಳಿ.

ಅಲ್ಲಿಂದ ಏನು ತರಬಹುದು? ಉಪ್ಪು ತರಬಹುದಾ?

ಅಂಗಡಿಯಲ್ಲಿ ಕೊಂಡ ಉಪ್ಪು ಧಾರಾಳವಾಗಿ ತನ್ನಿ. ನಮ್ಮ ಸೈಂಧವ ಉಪ್ಪಿನ ಜಾತಿಯದೇ, ಆದರೆ ಗುಲಾಬಿ ಬಣ್ಣ ಇರುವುದಿಲ್ಲ. ಜೇಡಿ ಮಣ್ಣು ಸೇರಿ ಬೂದು ಗೆರೆಗಳಿರುತ್ತವೆ. ಪ್ಲಾಸ್ಟಿಕ್ ಚೀಲದಲ್ಲಿ ಎರಡು ಸುತ್ತು ಸುತ್ತಿ, ನಮ್ಮ ಮಳೆಗಾಲದ ಗಾಳಿಗೆ ಅದು ಬೇಗ ನೀರೊಡೆಯುತ್ತದೆ. ಹತ್ತಿರದ ಕೊರುಂಡ್ ಹಳ್ಳಿ ಮಣ್ಣಿನ ಪಾತ್ರೆಗಳಿಗೆ ಹೆಸರಾದದ್ದು, ದಾರಿಯುದ್ದಕ್ಕೂ ಮಾರುತ್ತಾರೆ. ಅಲ್ಲೇ ಒಂದು ಸಣ್ಣ ಕುಡಿಕೆ ಕೊಂಡರೆ ಉಪ್ಪು ಹಾಕಿಡಲು ಆಯಿತು.

ಕೆರೆಯ ಪಕ್ಕದ ಉಪ್ಪಿನ ಗೋಡೆಯಿಂದ ಮಾತ್ರ ಒಂದು ಚೂರೂ ಒಡೆಯಬೇಡಿ. ಅದು ಸಂರಕ್ಷಿತ ಜಾಗ. ರುಚಿ ನೋಡಲೇಬೇಕು ಅನಿಸಿದರೆ ಬೆರಳು ತಾಗಿಸಿ ನಾಲಿಗೆಗೆ ಇಟ್ಟುಕೊಳ್ಳಿ. ಬಂದವರೆಲ್ಲ ಅದನ್ನೇ ಮಾಡುತ್ತಾರೆ.